ಅವ್ವನ ಎದೆಯಲ್ಲಿದ್ದ ಅರಿಷಿಣ

ಮಾಲಗಾಂವ, ತಾ. ಮಿರಜ
ರವಿವಾರ, ೧೮ ಜನವರಿ ೨೦೨೬

ಪ್ರೀತಿಯ ಹರ್ಷದಾ,

ಜಯ ಜಿನೇಂದ್ರ. ನಿನ್ನ ಅಪ್ಪನ ಆಶೀರ್ವಾದಗಳು.

ಹೇಗಿದ್ದೀ? ಕಾಲು ಹೇಗಿವೆ? ನೀನಿರುವ ಮುನಿಸಂಘ ಶಿರೋಳ ಕಡೆಗೆ ಬಂದಿದೆ ಎಂದು ತಿಳಿದಾಗಿನಿಂದ ನನಗೆ ನಿನ್ನ ಕಾಲಿನದೇ ಯೋಚನೆ. ಈಗ ಕಬ್ಬಿನ ಹಂಗಾಮು. ರಸ್ತೆಯ ತುಂಬ ಟ್ರಾಲಿಗಳು, ಬಿದ್ದ ಕಬ್ಬಿನ ಸಿಪ್ಪೆ, ಕಿತ್ತ ಖಡಿಕಲ್ಲು. ಅದರ ಮೇಲೆ ಬರಿಗಾಲಲ್ಲಿ ನಡೆಯುತ್ತೀರಿ. ಸಣ್ಣವಳಿದ್ದಾಗ ಅಂಗಳದ ಹರಳು ಚುಚ್ಚಿದರೂ ಒಂದೇ ಕಾಲಲ್ಲಿ ಕುಣಿಯುತ್ತ ಒಳಗೆ ಬರುತ್ತಿದ್ದೆ. ದಿನಕ್ಕೊಂದೇ ಊಟವೆಂದರೆ ನಿನ್ನ ತಲೆಶೂಲೆ ಏಳುವುದಿಲ್ಲವೇ? ಏಳುತ್ತಿದ್ದರೆ ಸಂಘದ ಹಿರಿಯ ಮಾತಾಜಿಯವರಿಗೆ ಹೇಳು, ಮುಚ್ಚಿಡಬೇಡ. ನಮ್ಮ ಮನೆಯಲ್ಲಿ ನೋವು ತಡೆದುಕೊಂಡೇ ಇದ್ದು ಒಂದು ಸಲ ಆದದ್ದು ಸಾಕು.

ಈ ಕಾಗದವನ್ನು ಪಾರಿಸ ಕಾಕಾನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವನು ಮರಾಠಿ ಶಾಲೆಯವನು, ಕನ್ನಡ ಅಕ್ಷರ ಒಂದೂ ಗೊತ್ತಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆದಿದ್ದೇನೆ. ನಿನ್ನದೂ ಮರಾಠಿ ಶಾಲೆಯೇ. ಆದರೆ ಬೆಳಿಗ್ಗೆ ಬೆಳಗಾವಿಯಿಂದ ಬರುವ ಪತ್ರಿಕೆಯನ್ನು ನನ್ನ ತೊಡೆಯ ಮೇಲೆ ಕುಳಿತು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದೆ. ನಿನಗೆ ಮೊದಲು ಬಂದ ಶಬ್ದ 'ಅಪಘಾತ'. ನಿನ್ನ ಅವ್ವ ಬೈದಿದ್ದಳು: "ಕೂಸಿಗೆ ಇದss ಸಿಕ್ಕಿತೇನ್ರಿ ಕಲಸಾಕ? ಹೂವು, ಹಣ್ಣು ಏನೂ ಬರಂಗಿಲ್ಲೇನು ನಿಮ್ಮ ಪೇಪರದಾಗ?"

ಇಲ್ಲಿ ಎಲ್ಲರೂ ಕ್ಷೇಮ. ಪಾರಿಸನ ಮಕ್ಕಳಿಂದಾಗಿ ಮನೆ ಗದ್ದಲದಲ್ಲೇ ಇದೆ. ನಾನು ಮೊದಲಿನಂತೆ ಬೆಳಿಗ್ಗೆ ಬಸ್ಸು ಹಿಡಿದು ಸಾಂಗ್ಲಿಯ ಮಾರ್ಕೆಟ್ ಯಾರ್ಡಿಗೆ ಹೋಗುತ್ತೇನೆ. ಹೊಸ ಅರಿಷಿಣ ಬರಲು ಶುರುವಾಗಿದೆ. ಹರಾಜಿನ ಸವಾಲು ಮುಗಿಸಿ ಸಂಜೆ ಬಸ್ಸು ಹತ್ತಿದರೆ ಈಗಲೂ ನನ್ನ ಮೈಯ ಅರಿಷಿಣದ ಘಾಟಿಗೆ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಾರೆ. ಪಾರಿಸನ ಹೆಂಡತಿ, ನಿನ್ನ ಕಾಕು, ಬೇಳೆಗೆ ಅರಿಷಿಣ ಬಹಳ ಹಾಕುತ್ತಾಳೆ. ನೀನು ಮನೆಯಲ್ಲಿದ್ದ ಕೊನೆಯ ತಿಂಗಳುಗಳಲ್ಲಿ ಮಾಡಿದ ಬಿಳಿಚಿದ ಬೇಳೆ ಪ್ರತಿ ತುತ್ತಿಗೂ ನೆನಪಾಗುತ್ತದೆ. ಅರಿಷಿಣದ ವ್ಯಾಪಾರದ ಮನೆಯಲ್ಲಿ ಅರಿಷಿಣವಿಲ್ಲದ ಬೇಳೆ. ಸುಮ್ಮನೆ ಉಂಡೆವು.

ಸಂಘದ ಶ್ರಾವಕರು ಮೊನ್ನೆ ಮನೆಗೆ ಬಂದು ಆಮಂತ್ರಣ ಕೊಟ್ಟರು. ಮಾಘ ಶುದ್ಧ ದಶಮಿಗೆ ನಿನಗೆ ಸನ್ಯಾಸಿನಿಯಾಗುವ ಆರ್ಯಿಕಾ ದೀಕ್ಷೆ. ಹಿಂದಿನ ದಿನ ಮನೆತನದವರೆಲ್ಲ ಸೇರಿ ನಿನಗೆ ಅರಿಷಿಣ ಹಚ್ಚಬೇಕು, ಉಡಿ ತುಂಬಬೇಕು, ಮೆರವಣಿಗೆ ಮಾಡಬೇಕು. ಮರುದಿನ ಸಭೆಯಲ್ಲಿ ಆಚಾರ್ಯರು ನಿನ್ನ ತಂದೆಗೆ ಅನುಮತಿ ಕೇಳುತ್ತಾರೆ. ನಾನು ಎದ್ದು ನಿಂತು ಕೈ ಮುಗಿದು ಒಪ್ಪಿಗೆ ಹೇಳಿದ ಮೇಲೆ ನಿನ್ನ ತಲೆಯ ಕೂದಲು ಕೀಳುತ್ತಾರೆ, ಬಿಳಿ ಸೀರೆ ಕೊಡುತ್ತಾರೆ, ಬೇರೆ ಹೆಸರು ಇಡುತ್ತಾರೆ. ಆಮೇಲೆ ನೀನು ನನ್ನ ಮಗಳಲ್ಲ. ನಾನೇ ನಿನಗೆ ಬಾಗಿ 'ಮಾತಾಜಿ' ಎನ್ನಬೇಕು. ಇದು ನಮ್ಮ ಧರ್ಮದ ರೀತಿ. ನನ್ನ ಅಜ್ಜನ ಕಾಲದಿಂದ ಇಂಥ ಎಷ್ಟೋ ಮೆರವಣಿಗೆಗಳ ಹಿಂದೆ ನಡೆದಿದ್ದೇನೆ, ಅಕ್ಷತೆ ಹಾಕಿದ್ದೇನೆ, ಬುಂದಿ ಉಂಡು ಬಂದಿದ್ದೇನೆ. ತಂದೆಯ ಜಾಗದಲ್ಲಿ ನಿಂತವನ ಮುಖವನ್ನು ಮಾತ್ರ ಎಂದೂ ಸರಿಯಾಗಿ ನೋಡಿರಲಿಲ್ಲ.

ಅಪ್ಪನೆಂದು ನಿನಗೆ ನಾನು ಬರೆಯಬಹುದಾದ ಕೊನೆಯ ಕಾಗದ ಇದು. ಅದಕ್ಕೇ ಆದದ್ದನ್ನು ಆದ ಹಾಗೆ, ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ. ಬೇಸರಿಸಬೇಡ.

ಅವ್ವನ ಮೈಗೆ ಲೋಹ ಆಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲೇ ತಾಳಿಯ ಕೊಂಡಿ ತಾಗಿದಲ್ಲಿ ಕುತ್ತಿಗೆ ಕೆಂಪಾಗುತ್ತಿತ್ತು. ಕಡೆಗೆ ಅದಕ್ಕೆ ದಾರ ಸುತ್ತಿಕೊಂಡಳು. ಸೆರಗಿಗೆ ಸೇಫ್ಟಿ ಪಿನ್ನು ಸಹ ಹಾಕುತ್ತಿರಲಿಲ್ಲ. ಅಂಥವಳ ಎದೆಬಡಿತ ನಿಧಾನವಾಗಿ, ಮಿರಜದ ಡಾಕ್ಟರರು ಪೇಸಮೇಕರ ಇಡಬೇಕು ಎಂದರು. ಇಟ್ಟರು. ಕೆಲವೇ ತಿಂಗಳಲ್ಲಿ ಅದು ಕುಳಿತ ಜಾಗದ ಚರ್ಮ ಕೆಂಪಾಗಿ, ತುರಿಸಿ, ಬಿರಿಯುವ ಹಾಗಾಯಿತು. ಸೋಂಕು ಇರಲಿಲ್ಲ. ಅದರ ಹೊರಗಿನ ಲೋಹವನ್ನು ಮೈ ಒಪ್ಪುತ್ತಿಲ್ಲ, ಮೇಲೆ ತೆಳುವಾದ ಲೇಪವಿರುವ ಬೇರೊಂದನ್ನು ತರಿಸಬೇಕು ಎಂದರು. ಆ ಲೇಪದ ಹೆಸರನ್ನು ಡಾಕ್ಟರರು ಹೇಳುವ ಮೊದಲೇ ನೀನು ಹೇಳಿದ್ದೆ: ಪ್ಯಾರಿಲೀನ್. ನೀನು ಕೆಲಸ ಮಾಡುತ್ತಿದ್ದ ಕುಪವಾಡ ಎಂಐಡಿಸಿ ಕೈಗಾರಿಕಾ ವಸಾಹತಿನ ಘಟಕದಲ್ಲಿ ಆಗುತ್ತಿದ್ದದ್ದೇ ಅದು. ಪೇಸಮೇಕರ ಕಂಪನಿಯವರು ಇಂಥ ಕೆಲಸವನ್ನು ನಿಮ್ಮಲ್ಲಿಗೇ ಕಳಿಸುತ್ತಿದ್ದರು. ಅವ್ವನದೂ ಬಂತು, ನಿನ್ನ ಕೈಗೇ ಬಂತು.

ಆ ಕೆಲಸವನ್ನು ನೀನು ನನಗೆ ಅರಿಷಿಣದ ಲೆಕ್ಕದಲ್ಲಿ ತಿಳಿಸಿ ಹೇಳಿದ್ದು ನೆನಪಿದೆ. "ಅಪ್ಪಾ, ನೀವು ಅರಿಷಿಣಕ್ಕ ಪಾಲಿಶ್ ಮಾಡೂ ಮೊದಲ ಮಣ್ಣು ತಗೀತೀರಿಲ್ಲ? ಹಂಗss ಇದೂ. ಮೈ ಸ್ವಚ್ಛ ಇಲ್ಲಂದ್ರ ಏನ ಹಚ್ಚಿದ್ರೂ ಉಳಿಯಂಗಿಲ್ಲ." ಮೊದಲು ಆ ಯಂತ್ರದ ಮೈಯನ್ನು ತೊಳೆದು, ಲೇಪ ಕಚ್ಚಿ ಹಿಡಿಯುವ ಹಾಗೆ ಹದ ಮಾಡಿ, ತಂತಿ ಸೇರುವ ತೂತುಗಳನ್ನು ಮುಚ್ಚಿ, ಗಾಳಿ ತೆಗೆದ ಡಬ್ಬಿಯೊಳಗೆ ಇಡುತ್ತೀರಿ. ಬಿಳಿ ಪುಡಿಯೊಂದು ಕಾದು ಆವಿಯಾಗಿ ಒಳಗೆ ಬಂದು, ಮೇಲೆ ಕೆಳಗೆ ಸಂದಿಗೊಂದಿ ಎನ್ನದೆ ಒಂದೇ ಸಮನೆ ಪದರವಾಗಿ ಕೂರುತ್ತದೆ. ಕೂದಲಿಗಿಂತ ತೆಳುವು, ಗಾಜಿನ ಹಾಗೆ ಪಾರದರ್ಶಕ. ಬರಿಬೆರಳು ತಾಗಿದರೆ ಅದರ ಜಿಡ್ಡಿನ ಮೇಲೆ ಪದರ ನಿಲ್ಲುವುದಿಲ್ಲ. ಇದಿಷ್ಟೂ ನಿನ್ನಿಂದ ಕೇಳಿದ್ದು. ತಪ್ಪಿದ್ದರೆ ತಿದ್ದಿಕೋ.

ಅದು ದಸರೆಯ ಸಮಯ. ಖಂಡೇನವಮಿಗೆ ಎಂಐಡಿಸಿಯಲ್ಲಿ ಎಲ್ಲ ಯಂತ್ರಗಳಿಗೂ ಪೂಜೆ. ಅವ್ವ ತನ್ನ ಹೊಸ ಪೇಸಮೇಕರಕ್ಕೆ ಲೇಪ ಹಚ್ಚುವ ಯಂತ್ರವನ್ನು ನೋಡಲೇಬೇಕೆಂದು ಹಟ ಹಿಡಿದು, ಆಟೋ ಮಾಡಿಸಿಕೊಂಡು ತಾನೇ ಬಂದಳು. ಅರಿಷಿಣ ಕಲಸಿದ ಬಟ್ಟಲು, ಕುಂಕುಮ, ಹೂವು. ಯಂತ್ರದ ಮುಚ್ಚಳಕ್ಕೂ ಹಿಡಿಕೆಗೂ ತನ್ನ ಬೆರಳಿನಿಂದ ಅರಿಷಿಣ ಹಚ್ಚಿದಳು. ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಅನೇಕಾಂತ ಪೂಜೆಯಾದ ಮೇಲೆ ಬಟ್ಟೆ ತಂದು ಒರೆಸಲು ಹೋದಾಗ ಅವನ ಕೈ ಹಿಡಿದಳು: "ಏ ತಮ್ಮಾ, ಪೂಜಿ ಅರಿಷಿಣ ಅಂದss ಒರಸ್ತಾರೇನೋ? ಇರ್ಲಿ ಬಿಡು. ಮುತ್ತೈದಿ ಹಚ್ಚಿದ್ದು." ಹಿರಿಯಳ ಮಾತು. ಅದನ್ನು ಮೀರಿ ಒರೆಸುವ ಮನಸ್ಸು ನಿಮ್ಮಲ್ಲಿ ಯಾರಿಗೂ ಬರಲಿಲ್ಲ. ಬೇರೆ ಊರಿನ, ಬೇರೆ ರೂಢಿಯ ಮಂದಿಯಾಗಿದ್ದರೆ ಒರೆಸಿಬಿಡುತ್ತಿದ್ದರು.

ಮರುದಿನ ಕೆಲಸ. ತೊಳೆದು ಹದ ಮಾಡಿದ ಪೇಸಮೇಕರವನ್ನು ಒಳಗಿಟ್ಟು, ಮುಚ್ಚಳ ಹಾಕಿ, ಯಂತ್ರ ಶುರು ಮಾಡಿದ ಮೇಲೆ ನಿನ್ನ ಕೈಗವಸಿನ ಬೆರಳ ತುದಿಯಲ್ಲಿ ಹಳದಿ ಕಂಡಿತು. ಮುಚ್ಚುವಾಗ ತಾಗಿದ್ದೋ, ಅದಕ್ಕೂ ಮೊದಲು ತೆರೆಯುವಾಗಲೇ ತಾಗಿ ಅದೇ ಕೈಯಿಂದ ಪೇಸಮೇಕರ ಮುಟ್ಟಿದ್ದೋ ನಿನಗೆ ತಿಳಿಯಲಿಲ್ಲ. ಹೊರಗೆ ಬಂದ ಪೇಸಮೇಕರದ ಮೇಲೆ ಬರಿಗಣ್ಣಿಗೆ ಏನೂ ಕಾಣಲಿಲ್ಲ. ಪರೀಕ್ಷೆಗೆ ಅದರ ಜೊತೆಗಿಟ್ಟ ಲೋಹದ ತುಂಡು ಪಾಸಾಯಿತು. ಕಳಿಸಿದಿರಿ. ಮುಚ್ಚುವಾಗಲೇ ತಾಗಿರಬೇಕು ಎಂದು ನೀನು ನಿನಗೇ ಹೇಳಿಕೊಂಡೆ.

ಅವ್ವ ಐದು ವರ್ಷ ಚೆನ್ನಾಗಿದ್ದಳು. ಚರ್ಮ ಒಮ್ಮೆಯೂ ಕೆಂಪಾಗಲಿಲ್ಲ. ಒಳಗಿನ ಸೆನ್ಸರು ಆಕೆ ನಡೆದದ್ದನ್ನು, ಮೆಟ್ಟಿಲು ಹತ್ತಿದ್ದನ್ನು ಅರಿತು ಬಡಿತ ಹೆಚ್ಚಿಸುತ್ತದೆ ಎಂದು ನೀನು ಹೇಳಿದ ಮೇಲೆ ಬಾಹುಬಲಿ ಗುಡ್ಡವನ್ನು ನಿಲ್ಲದೆ ಹತ್ತಿದಳು. ಹಿಂದೆ ಏದುಸಿರು ಬಿಡುತ್ತಿದ್ದ ನನಗೆ ಮೇಲಿನಿಂದ ಕೂಗಿ ಹೇಳಿದಳು: "ನಾ ಏರಾಕತ್ತೇನಿ ಅನ್ನೂದು ಇದಕ್ಕ ಗೊತ್ತಾಕ್ಕೈತ್ರಿ! ನಲವತ್ತು ವರ್ಷ ಆತು, ನಿಮಗ ಎಂದಾರ ಗೊತ್ತಾಗೇತೇನು?" ಮೆಟ್ಟಿಲಲ್ಲಿ ಕುಳಿತಿದ್ದ ಅಪರಿಚಿತರೆಲ್ಲ ನಕ್ಕರು. ಅವರಲ್ಲೊಬ್ಬ ನನಗೆ ಕುಡಿಯಲು ನೀರು ಕೊಟ್ಟ.

ಆಮೇಲಿನ ದಶಲಕ್ಷಣ ಪರ್ವದ ವ್ರತದಲ್ಲಿ ಹಲ್ಲುನೋವು ಬಂತು. ಕೆನ್ನೆ ಊದಿದ್ದು ಪೂಜೆಗೆ ಬಂದ ಎಲ್ಲರಿಗೂ ಕಾಣುತ್ತಿತ್ತು. "ಏಕಾಸನ ಮುಗೀಲಿ, ಆಮ್ಯಾಲ ಹಲ್ಲಿನ ಡಾಕ್ಟರ ಕಡೆ ಹೋಗೂಣು" ಎಂದಳು. ವ್ರತ ಮುಗಿಯುವಷ್ಟರಲ್ಲಿ ಊತ ಇಳಿದಿತ್ತು, ಹಲ್ಲಿನ ಮಾತೂ ಮರೆತಿತ್ತು. ಕೆಲವು ವಾರಗಳ ಮೇಲೆ ಬಿಟ್ಟುಬಿಟ್ಟು ಜ್ವರ. ಆಮೇಲೆ ಪೇಸಮೇಕರ ಇದ್ದ ಜಾಗ ಕೆಂಪಾಯಿತು. ಮಿರಜದಲ್ಲಿ ಅದನ್ನೂ ಅದರಿಂದ ಹೃದಯಕ್ಕೆ ಹೋಗುವ ತಂತಿಯನ್ನೂ ತೆಗೆದರು, ಹೊರಗಿನಿಂದ ಬಡಿತ ಕೊಟ್ಟರು. ನಂಜು ರಕ್ತಕ್ಕೆ ಏರಿ ಹೋಗಿತ್ತು. ಅವ್ವ ಉಳಿಯಲಿಲ್ಲ.

ಆಪರೇಷನ್ ಥಿಯೇಟರಿನ ಹೊರಗೆ, ಇನ್ನೂ ಆಕೆಯ ಜೀವ ಇದ್ದಾಗಲೇ, ನೀನು ನನ್ನ ತೋಳು ಹಿಡಿದು ಕೈಗವಸಿನ ವಿಷಯ ಹೇಳಿದೆ. "ಅಪ್ಪಾ, ಪದರ ಎದ್ದೈತಿ. ಅರಿಷಿಣದ ಮ್ಯಾಲ ಕುಂತಿರಲಿಲ್ಲದು. ಅವ್ವಾನ ನಾss ಕೊಂದ್ನಿ." ಇಲ್ಲವ್ವಾ ಎಂದೆ. ಎಲ್ಲ ತಂದೆಯರೂ ಅನ್ನುವುದು ಅದನ್ನೇ. ಅಂತ್ಯಕ್ರಿಯೆಯ ಮರುದಿನ ತಂತಿಯ ಲ್ಯಾಬ್ ವರದಿ ಬಂತು. ಬಾಯಿಯಲ್ಲಿ ಇರುವ ಸೂಕ್ಷ್ಮಾಣು ತಂತಿಯ ಮೇಲೆ ಬೆಳೆದಿತ್ತು ಎಂದು ಡಾಕ್ಟರರು ಹೇಳಿದ್ದನ್ನು ಮನೆಗೆ ಬಂದು ನಿನಗೆ ಹೇಳಿದೆ. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ" ಎಂದು ನೀನು ಒಳಗೆ ಹೋದೆ. ಅಂದಿನಿಂದ ಅರಿಷಿಣದ ಡಬ್ಬಿ ಮುಟ್ಟಲಿಲ್ಲ. ಹಬ್ಬಕ್ಕೆ ಹೆಂಗಸರು ಅರಿಷಿಣ-ಕುಂಕುಮ ಹಿಡಿದು ಬಂದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದೆ. ಕೆಲಸ ಬಿಟ್ಟೆ. ಮುಂದಿನ ವರ್ಷ ಸಂಘ ನಮ್ಮೂರಿನ ಮೇಲೆ ಹಾದು ಹೋದಾಗ ಅದರ ಜೊತೆ ನಡೆದೆ.

ಹೊರತೆಗೆದ ಆ ಪೇಸಮೇಕರವನ್ನು ನಾನು ಆಸ್ಪತ್ರೆಯವರಿಂದ ಕೇಳಿ ಪಡೆದಿದ್ದೆ. ಏಕೆ ಕೇಳಿದೆನೋ ಗೊತ್ತಿಲ್ಲ. ಆಕೆಯದು ಒಂದು ವಸ್ತು ಹೊರಗೆ ಉಳಿದಿದೆಯಲ್ಲ ಎನಿಸಿರಬೇಕು. ಬಿಗಿ ಮುಚ್ಚಳದ ಬಾಟಲಿಯಲ್ಲಿ, ಔಷಧಿಯಲ್ಲಿ ಶುದ್ಧಮಾಡಿ ಕೊಟ್ಟಿದ್ದರು. ಆಕೆಯ ಸೀರೆಗಳ ನಡುವೆ ಇಟ್ಟು ಕಪಾಟು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಆಮಂತ್ರಣ ಬಂದ ಮೇಲೆ ತೆರೆದೆ. ಗುರುವಾರ ಯಾರ್ಡಿಗೆ ಹೋಗದೆ ಅದನ್ನು ತೆಗೆದುಕೊಂಡು ಕುಪವಾಡಕ್ಕೆ ಹೋದೆ.

ಅನೇಕಾಂತ ಈಗ ಅಲ್ಲಿ ಸೂಪರ್‌ವೈಸರ್ ಆಗಿದ್ದಾನೆ, ಹೊಟ್ಟೆ ಬಂದಿದೆ. ಅವನ ಕನ್ನಡ ಮಾತ್ರ ಅಷ್ಟರಲ್ಲೇ ಇದೆ. "ಬರ್ರಿ ಕಾಕಾ, ಕುಂದ್ರಿ. ಚಹಾ ಘ್ಯಾ. ಹರ್ಷದಾ ಕಶೀ ಆಹೆ?" ಎಂದು ಅರ್ಧ ಮರಾಠಿಯಲ್ಲೇ ನಿನ್ನ ಕ್ಷೇಮ ಕೇಳಿದ. ಬಾಟಲಿ ನೋಡಿದ ಮೇಲೆ ಚಹಾದ ಮಾತು ನಿಂತಿತು. ತೊಳೆದು, ಒರೆಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ಕರೆದು ಕಣ್ಣಿಡಲು ಹೇಳಿದ.

ಹರ್ಷದಾ, ಅಂಚಿನ ಹತ್ತಿರ ಒಂದು ಹಳದಿ ಗುರುತು ಇದೆ. ಸಾಸಿವೆಗಿಂತ ಬಹಳ ಸಣ್ಣದು. ನನಗೆ ಆ ಬಣ್ಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅರಿಷಿಣ ಬಿಸಿಲಿಗೆ ಬಿಟ್ಟರೆ ಬಿಳಿಚುತ್ತದೆ, ಕತ್ತಲೆಯಲ್ಲಿ ಇಟ್ಟರೆ ಬಣ್ಣ ಬಿಡುವುದಿಲ್ಲ. ಅದಕ್ಕಾಗಿಯೇ ಹಿಂದೆ ಹರಿಪುರದ ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ನಿನ್ನ ಅವ್ವನ ಮೈಯೊಳಗೆ ಅದು ಹಾಗೇ ಇತ್ತು. ಆಕೆಯೇ ಹಚ್ಚಿದ್ದು, ಆಕೆಯ ಎದೆಯಲ್ಲೇ.

ನಿನ್ನ ಅನುಮಾನ ಸುಳ್ಳಲ್ಲ. ಅರಿಷಿಣ ತಾಗಿತ್ತು. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ಬರೆದರೆ ನೀನು ನಂಬುವುದಿಲ್ಲ, ನಂಬಲೂ ಬಾರದು. ಆದರೆ ಉಳಿದದ್ದನ್ನೂ ಕೇಳು. "ಕಾಕಾ, ಅರಿಷಿಣ ಐತಿ, ಖರೆ. ಪದರ ಅದರ ಮ್ಯಾಲಿಂದನೂ ಹೋಗೇತ್ರಿ, ಸುತ್ತಲೂ ಗಚ್ಚ ಹಿಡದೈತಿ. ಬಿರಿದಿಲ್ಲ. ಎದ್ದಿಲ್ಲ" ಎಂದ ಅನೇಕಾಂತ. ಇನ್ನೂ ಖಾತ್ರಿ ಬೇಕೆಂದರೆ ಬ್ಲೇಡಿನಿಂದ ಗೀರು ಹಾಕಿ, ಟೇಪು ಅಂಟಿಸಿ ಎಳೆದು ನೋಡಬೇಕು, "ಹಾಕ್ಲೇನ್ರಿ?" ಎಂದು ಕೇಳಿದ. ಅವ್ವನನ್ನು ಇನ್ನೊಮ್ಮೆ ಕೊಯ್ದ ಹಾಗೆ ನನಗೆ ಎನಿಸಿತು. ಆಮೇಲೆ ಹೂಂ ಎಂದು ಮುಖ ತಿರುಗಿಸಿದೆ. ಆ ಹಳದಿ ಗುರುತಿನ ಪಕ್ಕದಲ್ಲೇ ಗೀರು ಹಾಕಿದ, ಟೇಪು ಎಳೆದ. ಏನೂ ಅಂಟಿ ಬರಲಿಲ್ಲ. ಅನೇಕಾಂತ ಕೈಗವಸು ಕಳಚಿ ಕಣ್ಣು ಒರೆಸಿಕೊಂಡ. "ಹರ್ಷದಾಗ ಹೇಳ್ರಿ ಕಾಕಾ. ಇಷ್ಟು ಚಂದ ಬ್ಯಾಚು ಆಮ್ಯಾಲ ನಮಗ ಬಂದಿಲ್ಲಂತ ಸಾಂಗಾ."

ಅಲ್ಲಿಂದ ಮಿರಜಕ್ಕೆ ಹೋಗಿ ಡಾಕ್ಟರರನ್ನೂ ಕಂಡೆ. ಹಳದಿ ಗುರುತನ್ನೂ ಹೇಳಿದೆ, ಗೀರು ಹಾಕಿದ್ದನ್ನೂ ಹೇಳಿದೆ. ಹಳೆಯ ಕಾಗದ ತೆಗೆಸಿ ನೋಡಿದರು. ನಂಜು ತಂತಿಯ ಒಳತುದಿಯಲ್ಲಿ, ಹೃದಯದ ಕಡೆ ಹೆಚ್ಚಿತ್ತು. ಅಲ್ಲಿಂದ ತಂತಿಗುಂಟ ಪೇಸಮೇಕರದ ಕಡೆಗೆ ಬಂದಿತ್ತು. ಲೇಪ ಎದ್ದು ಶುರುವಾದದ್ದಲ್ಲ ಎಂದರು. ಹಲ್ಲಿನಿಂದಲೇ ಬಂತೇ ಎಂದು ಕೇಳಿದೆ. ಬಂದಿರಬಹುದು, ಖಚಿತ ಹೇಳಲಾರೆ ಎಂದರು. ಹಾಗಾಗಿ ನಾನೂ ನಿನಗೆ ಅಷ್ಟೇ ಹೇಳುತ್ತೇನೆ. ಹಲ್ಲು ಎಂಬುದು ಖಚಿತವಿಲ್ಲ. ನಿನ್ನ ಕೈ ಅಲ್ಲ ಎಂಬುದು ಖಚಿತ.

ನಿನ್ನ ವೈರಾಗ್ಯವನ್ನು ನಾನು ಅಳೆಯಲಾರೆ. ಸಣ್ಣಂದಿನಿಂದಲೂ ಬಸದಿಯಲ್ಲಿ ಪೂಜೆ ಮುಗಿದರೂ ಎದ್ದು ಬರದೆ ಕೂರುತ್ತಿದ್ದವಳು ನೀನು. ಅದು ನಿಜವಾದದ್ದೇ ಇರಬಹುದು, ಇರಲಿ. ಆದರೆ ಅದರಲ್ಲಿ ಒಂದು ಪಾಲು ಆ ಕೈಗವಸಿನಿಂದ ಬಂದಿದ್ದರೆ, ಆ ಪಾಲಿಗೆ ಆಧಾರವಿಲ್ಲ. ಅದನ್ನು ತೆಗೆದು ಬದಿಗಿಟ್ಟ ಮೇಲೆ ಏನು ಉಳಿಯುತ್ತದೆ ನೋಡು. ಮುಕ್ತಿಗಾಗಿ ಬಿಟ್ಟುಹೋಗುವುದು ಬೇರೆ, ಮಾಡದ ಕೊಲೆಗೆ ಶಿಕ್ಷೆ ಹಾಕಿಕೊಳ್ಳುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಬಿಳಿ ಸೀರೆ. ನೋಡಿದರೆ ನನಗೂ ಗುರುತು ಹತ್ತುವುದಿಲ್ಲ, ಆಚಾರ್ಯರಿಗೂ ಹತ್ತುತ್ತದೆಯೋ ಇಲ್ಲವೋ.

ಮನೆಗೆ ಬಾ ಎಂದು ಬರೆಯಬಾರದು ಎಂದುಕೊಂಡೇ ಕುಳಿತಿದ್ದೆ, ಬರೆಯುವುದಿಲ್ಲ. ನಿನ್ನ ಕೋಣೆಯಲ್ಲಿ ಪಾರಿಸನ ಮಕ್ಕಳು ಓದಿಕೊಳ್ಳುತ್ತಾರೆ. ಗೋಡೆಯ ಮೇಲೆ ನೀನು ಅಂಟಿಸಿದ ವೇಳಾಪಟ್ಟಿ ತೆಗೆಯಲು ನಾನು ಬಿಟ್ಟಿಲ್ಲ.

ಕಾಕಾ, ಕಾಕು ನಿನ್ನನ್ನು ಬಹಳ ನೆನೆಸುತ್ತಾರೆ. ಸಂಘದ ಎಲ್ಲ ಪೂಜ್ಯರ ಚರಣಗಳಿಗೆ ನನ್ನ ನಮೋಸ್ತು, ವಂದಾಮಿ. ಮೈ ಜೋಪಾನ ಮಾಡಿಕೋ. ಎಲ್ಲಿದ್ದರೂ, ಯಾವ ಹೆಸರಿನಲ್ಲಿ ಇದ್ದರೂ ನಿನಗೆ ಒಳ್ಳೆಯದಾಗಲಿ. ಅವ್ವನ ಆಶೀರ್ವಾದವನ್ನೂ ನಾನೇ ಸೇರಿಸಿ ಕಳಿಸುತ್ತಿದ್ದೇನೆ.

ನಿನ್ನ ಅಪ್ಪ
ಪಾಯಪ್ಪ

ತಾ.ಕ. ಪಾರಿಸ ಮೋಟಾರ್‌ಸೈಕಲ್ ಶುರು ಮಾಡಿ ನಿಂತಿದ್ದಾನೆ. ಬರೆಯಬೇಕಾದದ್ದೇ ಉಳಿಯಿತು. ಮೆರವಣಿಗೆಯ ದಿನ ಅರಿಷಿಣ ನಾನೇ ತರುತ್ತೇನೆ, ನಮ್ಮ ಹೊಲದ್ದು. ಅವ್ವನ ಬಟ್ಟಲಿನಲ್ಲೇ ಕಲಸಿ ತರುತ್ತೇನೆ. ಎಲ್ಲರೂ ಹಚ್ಚಿದ ಮೇಲೆ ಕಡೆಗೆ ನಾನು ನಿನ್ನ ಮುಂದೆ ಬರುತ್ತೇನೆ. ನೀನು ಕೈ ಹಿಂದೆ ಕಟ್ಟಿಕೊಂಡರೆ, ಆ ಕೈಗವಸು ಇನ್ನೂ ಕಳಚಿಲ್ಲ ಎಂದು ತಿಳಿದು, ಮರುದಿನ ಸಭೆಯಲ್ಲಿ ಯಾರು ಎಷ್ಟು ಸಲ ಕೇಳಿದರೂ ನಾನು ಏಳುವುದಿಲ್ಲ. ಮಂದಿ ಏನಾದರೂ ಅಂದುಕೊಳ್ಳಲಿ. ಕೈ ಮುಂದೆ ಚಾಚಿ ಹಚ್ಚಿಸಿಕೊಂಡರೆ ಎದ್ದು ನಿಂತು ಒಪ್ಪಿಗೆ ಹೇಳುತ್ತೇನೆ. ಚಾಚಿದರೆ ನೀನು ಹೋಗುತ್ತೀ ಎಂದು ನನಗೆ ಗೊತ್ತು, ಹರ್ಷದಾ. ಆದರೂ ಚಾಚವ್ವಾ.